ತಾಂಬಿ, ವಂಕಿ

ಮರಾಠಿಯಲ್ಲಿ ಅದಕ್ಕೆ ತಾಂಬಿ ಎಂದು ಹೆಸರು. ತಾಂಬೆ ಎಂದರೆ ತಾಮ್ರ; ತಾಮ್ರದ್ದಾದ್ದರಿಂದ ತಾಂಬಿ. ಡೊಂಬಿವಲಿಯಿಂದ ಹೊರಡುವ ಲೋಕಲ್ ಗಾಡಿಯ ಹೆಂಗಸರ ಡಬ್ಬದಲ್ಲಿ, ಮಡಿಲಲ್ಲಿ ಮೆಂತ್ಯ ಸೊಪ್ಪು ಸೋಸುತ್ತ ಒಬ್ಬಳು ಇನ್ನೊಬ್ಬಳಿಗೆ ತಾನು ತಾಂಬಿ ಕೂರಿಸಿಕೊಂಡದ್ದನ್ನು ಹೇಳುವ ಮಾತು ನನ್ನ ಕಿವಿಗೆ ಎಷ್ಟೋ ಸಲ ಬಿದ್ದಿದೆ. ಮರಾಠಿಯವರು ಅದನ್ನು ‘ಕೂರಿಸು’ತ್ತಾರೆ, ಗಣಪತಿಯನ್ನು ಕೂರಿಸಿದ ಹಾಗೆ. ನಮ್ಮ ಕಡೆಯ ಸರಕಾರಿ ದವಾಖಾನೆಗಳ ಗೋಡೆಯ ಮೇಲೆ ಅದೇ ವಸ್ತುವಿಗೆ ವಂಕಿ ಎಂದು ಬರೆದಿರುತ್ತಾರೆ. ವಂಕಿ ಎಂದರೆ ತೋಳಿಗೆ ತೊಡುವ ಬಾಗಿದ ಒಡವೆ. ಒಂದು ಭಾಷೆ ಲೋಹವನ್ನು ಹಿಡಿಯಿತು, ಇನ್ನೊಂದು ಆಕಾರವನ್ನು. ಇಷ್ಟು ಚೆಂದದ ಹೆಸರಿದ್ದೂ ನಮ್ಮಲ್ಲಿ ಅದನ್ನು ಬಾಯಿ ಬಿಟ್ಟು ಹೇಳುವವರು ಕಡಿಮೆ. ‘ಅದು’ ಎನ್ನುತ್ತೇವೆ. ‘ಅದನ್ನು ಹಾಕಿಸಿದ್ದೀಯೇನು?’

ಬಳಗದ ತಿಂಗಳ ಕೂಟಗಳಲ್ಲಿ ತಾಯ್ತನದ ಕವಿತೆಗಳಿಗೆ ಎಂದೂ ಬರವಿಲ್ಲ. ಬಸಿರು, ಬಯಕೆ, ಬಾಣಂತನ ಎಲ್ಲವೂ ಬಂದು ಹೋಗಿವೆ. ಇನ್ನು ಸಾಕು ಎಂದೋ, ಸದ್ಯಕ್ಕೆ ಬೇಡ ಎಂದೋ ಹೆಣ್ಣೊಬ್ಬಳು ತೀರ್ಮಾನಿಸುವ ಗಳಿಗೆ ಮಾತ್ರ ಯಾವ ಕವಿತೆಗೂ ಸಿಕ್ಕಿಲ್ಲ. ಕಳೆದ ವರ್ಷ ಕೂಟ ಮುಗಿದು ಚಹಾ ಕುಡಿಯುವಾಗ, ಹೊಸದಾಗಿ ಬಳಗ ಸೇರಿದ ಕಿರಿಯ ಗೆಳತಿಯೊಬ್ಬಳು ನನ್ನನ್ನು ಪಕ್ಕಕ್ಕೆ ಕರೆದು, “ಅಕ್ಕಾ, ಅದನ್ನ ಹಾಕೂ ಮುಂದ ಏನೇನ ಮಾಡ್ತಾರ?” ಎಂದು ಕೇಳಿದಳು. ನೋಯುತ್ತದೆಯೇ ಎಂದು ಅವಳು ಕೇಳಲಿಲ್ಲ. ಏನೇನು ಮಾಡುತ್ತಾರೆ ಎಂದು ಕೇಳಿದಳು. ಮೊಬೈಲಿನಲ್ಲಿ ಇಂಗ್ಲಿಷಿನಲ್ಲಿ ಸಾಕಷ್ಟು ಓದಿಕೊಂಡಿದ್ದಳು. ಓದಿದ್ದೆಲ್ಲ ಬೇರೆ ಯಾರದೋ ಮೈಯ ವಿಚಾರ ಎನ್ನುವಂತೆ ಇತ್ತಂತೆ. ಅವಳಿಗೆ ಆ ಸಂಜೆ ಹೇಳಿದ್ದನ್ನೇ ಇಲ್ಲಿ ತುಸು ಬಿಡಿಸಿ ಬರೆಯುತ್ತಿದ್ದೇನೆ. ನಾನು ವೈದ್ಯಳಲ್ಲ, ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಲೆಕ್ಕ ಬರೆಯುವವಳು. ಆದರೆ ಎರಡು ಸಲ ಆ ಮೇಜಿನ ಮೇಲೆ ಮಲಗಿ ಎದ್ದವಳು.

ನನ್ನ ಅವ್ವನದು ಲೂಪಿನ ಕಾಲ. 1965ರಲ್ಲಿ ನಮ್ಮ ಸರಕಾರ ಲಿಪ್ಪೆಸ್ ಲೂಪ್ ಎಂಬುದನ್ನು ಕುಟುಂಬ ಯೋಜನೆಯೊಳಗೆ ತಂದಿತು. ಅಮೆರಿಕದ ಜಾಕ್ ಲಿಪ್ಪೆಸ್ ಎಂಬ ವೈದ್ಯ ರೂಪಿಸಿದ, ಎರಡು ‘ಎಸ್’ ಅಕ್ಷರಗಳನ್ನು ಒಂದರ ಕೆಳಗೊಂದು ಜೋಡಿಸಿದಂತೆ ಕಾಣುವ ಪ್ಲಾಸ್ಟಿಕ್ಕಿನ ಸುರುಳಿ ಅದು. ತಾಮ್ರ ಆಗಿನ್ನೂ ಬಂದಿರಲಿಲ್ಲ. ಎಪ್ಪತ್ತರ ದಶಕದಲ್ಲಿ, ಅಕ್ಕ ಹುಟ್ಟಿದ ಮರುವರ್ಷ, ಗದಗಿನ ಹತ್ತಿರದ ನಮ್ಮೂರಿಗೆ ಬಂದ ನರ್ಸಬಾಯಿ ನಾಲ್ಕು ಜನ ಸೊಸೆಯರನ್ನು ಒಟ್ಟಿಗೆ ಚಕ್ಕಡಿಯಲ್ಲಿ ಕೂಡಿಸಿಕೊಂಡು ಹೋದರಂತೆ. ಏನು ಹಾಕುತ್ತಾರೆ, ಎಷ್ಟು ವರ್ಷ ಇರುತ್ತದೆ, ಹಾಕಿದ ಮೇಲೆ ಏನಾಗಬಹುದು, ಒಂದು ಮಾತೂ ಯಾರೂ ಹೇಳಲಿಲ್ಲ. ಆಗ ಪ್ರತಿ ಸಿಬ್ಬಂದಿಗೂ ಇಷ್ಟು ಎಂಬ ಗುರಿ ಇರುತ್ತಿತ್ತು. ಹೇಳುತ್ತ ಕೂಡಲು ಪುರಸೊತ್ತು ಇರಲಿಲ್ಲ. ಅವ್ವನಿಗೆ ಎರಡು ತಿಂಗಳು ನಿಲ್ಲದೆ ಹೋಯಿತು. ಆ ಎರಡು ತಿಂಗಳೂ ಅಜ್ಜಿ ಅವಳನ್ನು ಅಡುಗೆಮನೆಯ ಹೊಸ್ತಿಲು ದಾಟಗೊಡಲಿಲ್ಲ. ಅಷ್ಟರಲ್ಲಿ ಓಣಿಯಲ್ಲಿ ಲೂಪು ಮೇಲೆ ಏರಿ ಎದೆಗೆ ಹೋಗಿ ಕೂಡುತ್ತದೆ ಎಂಬ ಸುದ್ದಿ ಹಬ್ಬಿತು. ಒಂದು ದಿನ ಅವ್ವ ಯಾರಿಗೂ ಹೇಳದೆ, ಸಂತೆಗೆಂದು ಹೋದವಳು ಬೇರೆ ಊರಿನ ದವಾಖಾನೆಯಲ್ಲಿ ಅದನ್ನು ತೆಗೆಸಿಕೊಂಡು ಬಂದಳು. ಅದು ಹೇಗಿತ್ತು ಎಂದು ಅವಳಿಗೆ ಯಾರೂ ತೋರಿಸಲಿಲ್ಲ. ಹಾಕುವಾಗಲೂ ಇಲ್ಲ, ತೆಗೆಯುವಾಗಲೂ ಇಲ್ಲ.

ಎದೆಗೆ ಏರುವ ಭಯವನ್ನು ಮೂಢನಂಬಿಕೆ ಎಂದು ನಗುವುದು ಸುಲಭ. ಗರ್ಭಕೋಶವೆಂಬುದು ಮುಚ್ಚಿದ ಚೀಲ, ಅದರಿಂದ ಎದೆಗೆ ದಾರಿಯಿಲ್ಲ ಎಂದು ಒಂದು ಚಿತ್ರ ಬಿಡಿಸಿ ತೋರಿಸಿದ್ದರೆ ಆ ಸುದ್ದಿ ಓಣಿಯ ತುದಿ ಮುಟ್ಟುತ್ತಿರಲಿಲ್ಲ. ಹೇಳದೆ ಬಿಟ್ಟ ಜಾಗದಲ್ಲಿ ಜನ ತಮಗೆ ತೋಚಿದ್ದನ್ನು ತುಂಬಿಕೊಂಡರು.

ನನ್ನ ಸರದಿ ಬಂದದ್ದು 2014ರಲ್ಲಿ, ಎರಡನೆಯ ಮಗುವಾದ ಮೇಲೆ. ಮಗಳು ಎಂಟು ತಿಂಗಳು ತುಂಬುವ ಮೊದಲೇ ಹುಟ್ಟಿದಳು. ತೂಕ ಒಂದು ಕಿಲೋ ಆರುನೂರು ಗ್ರಾಂ. ಹೆರಿಗೆಯಾದ ಆಸ್ಪತ್ರೆಯಲ್ಲಿ ನೋವು ಏರಿದ ಹೊತ್ತಿಗೆ ಎಳೆಯ ಡಾಕ್ಟರೊಬ್ಬರು ಒಂದು ಕಾಗದ ಹಿಡಿದುಕೊಂಡು ಬಂದು, ಎರಡನೆಯದಲ್ಲವೇ, ಆಪರೇಷನ್ನಿಗೋ ಕಾಪರ್-ಟಿಗೋ ಯಾವುದಾದರೊಂದಕ್ಕೆ ಸಹಿ ಹಾಕಿ ಎಂದರು. ಹೆರಿಗೆಯಾದ 48 ಗಂಟೆಗಳ ಒಳಗೆ ತಾಂಬಿ ಕೂರಿಸುವ ಪದ್ಧತಿ ಇದೆ, ಅದು ಸುರಕ್ಷಿತವೂ ಹೌದು. ಬಸಿರಿನಲ್ಲೇ ಕೂತು ಮಾತಾಡಿ ಒಪ್ಪಿಕೊಂಡವರಿಗೆ ಬಹಳ ಅನುಕೂಲವೂ ಹೌದು. ಆದರೆ ಮಂಚದ ಸರಳು ಹಿಡಿದು ನರಳುತ್ತಿರುವವಳ ಸಹಿಯನ್ನು ಒಪ್ಪಿಗೆ ಎಂದು ಕರೆಯುವುದಕ್ಕೆ ನನ್ನ ಮನಸ್ಸು ಇವತ್ತಿಗೂ ಬರುವುದಿಲ್ಲ. ನಾನು ಸಹಿ ಹಾಕಲಿಲ್ಲ.

ಮಗು ಹತ್ತೊಂಬತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಆ ದಿನಗಳಲ್ಲೂ ನೋಡಲು ಬಂದವರೆಲ್ಲ ಆಪರೇಷನ್ ಮಾಡಿಸಿಬಿಡು ಎನ್ನುವವರೇ. ಗಂಡೊಂದು ಹೆಣ್ಣೊಂದು, ಆರತಿಗೊಬ್ಬಳು ಕೀರ್ತಿಗೊಬ್ಬ, ಇನ್ನೇನು ಬೇಕು ಎನ್ನುವರು. ನನ್ನ ಒಳಗೆ ಬೇರೆಯೇ ಲೆಕ್ಕ ನಡೆದಿತ್ತು. ಬಾಯಲ್ಲಿ ಆಡಬಾರದ ಲೆಕ್ಕ. ಪೆಟ್ಟಿಗೆಯೊಳಗಿನ ಆ ಅಂಗೈ ಅಗಲದ ಎದೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತ ನಿಂತವಳಿಗೆ, ಬಾಗಿಲಿಗೆ ಶಾಶ್ವತವಾಗಿ ಬೀಗ ಜಡಿ ಎಂದರೆ ಆ ಮಾತಿನ ಇನ್ನೊಂದು ಅರ್ಥವೇ ಮೊದಲು ಕೇಳುತ್ತದೆ. ಮತ್ತೊಂದು ಮಗು ನನಗೆ ಬೇಕಿರಲಿಲ್ಲ. ಬೇಕಿಲ್ಲ ಎಂದು ಎಂದೆಂದಿಗೂ ಬರೆದುಕೊಡುವುದಕ್ಕೂ ಆಗ ನನ್ನಿಂದ ಆಗುತ್ತಿರಲಿಲ್ಲ. ನನ್ನ ಯಜಮಾನರು ಒಂದು ರಾತ್ರಿ, “ಬೇಕಂದ್ರ ಮುಂದ ನಾನs ಮಾಡಿಸ್ಕೋತೀನಿ, ಗಂಡಸರದು ಭಾಳ ಹಗುರ ಇರ್ತದಂತ” ಎಂದರು. ಅದು ನಿಜವೂ ಹೌದು, ಅದಕ್ಕೆ ಹೊಟ್ಟೆ ಕೊಯ್ಯಬೇಕಿಲ್ಲ. ಪಕ್ಕದ ಕೋಣೆಯಿಂದ ಅತ್ತೆಯವರು, “ದುಡಿಯೂ ಗಂಡಸಿಗೆ ಅದೆಲ್ಲಾ ಬ್ಯಾಡ” ಎಂದು ಆ ಪ್ರಕರಣವನ್ನು ಅಲ್ಲಿಗೇ ಮುಗಿಸಿದರು.

ಹೀಗೆ ತೆರೆದೂ ಇಡದ, ಬೀಗವನ್ನೂ ಹಾಕದ, ಚಿಲಕ ಮಾತ್ರ ಹಾಕಿಡುವ ದಾರಿಯಾಗಿ ತಾಂಬಿ ನನ್ನ ಪಾಲಿಗೆ ಬಂತು. ಮಗು ಚೇತರಿಸಿಕೊಂಡು ನಾಲ್ಕು ತಿಂಗಳಾದ ಮೇಲೆ, ನಮ್ಮ ಮನೆಯ ಹತ್ತಿರದ ಚಿಕ್ಕ ನರ್ಸಿಂಗ್ ಹೋಮಿನ ಹಿರಿಯ ಡಾಕ್ಟರೀಣಬಾಯಿಯ ಬಳಿಗೆ ಹೋದೆ. ಮೊದಲ ದಿನ ಅವರು ಏನನ್ನೂ ಹಾಕಲಿಲ್ಲ. ಮೇಜಿನ ಖಾನೆಯಿಂದ ತಾಂಬಿಯ ಒಂದು ನಮೂನೆ ತೆಗೆದು ನನ್ನ ಅಂಗೈಯಲ್ಲಿಟ್ಟರು. ಇಂಗ್ಲಿಷಿನ ‘ಟಿ’ ಅಕ್ಷರದ ಬಿಳಿಯ ಪ್ಲಾಸ್ಟಿಕ್ ಕಡ್ಡಿ. ಉದ್ದ 36 ಮಿಲಿಮೀಟರು, ಅಗಲ 32. ಕಾಂಡಕ್ಕೆ ಕೂದಲೆಳೆಯಂತೆ ತಾಮ್ರದ ತಂತಿ ಸುತ್ತಿದೆ, ಎರಡು ಕೈಗಳಿಗೂ ಚಿಕ್ಕ ತಾಮ್ರದ ತೋಳುಗಳಿವೆ. (ವಂಕಿ ಎಂಬ ಹೆಸರು ಕಡೆಗೂ ಸಾರ್ಥಕವಾಯಿತು ಎಂದುಕೊಂಡೆ.) ಬುಡದಲ್ಲಿ ಎರಡು ದಾರ. ಇದಕ್ಕೆ 380ಎ ಎಂದು ಹೆಸರು. ತಾಮ್ರದ ಒಟ್ಟು ಮೇಲ್ಮೈ 380 ಚದರ ಮಿಲಿಮೀಟರು ಎಂದು ಅದರ ಅರ್ಥ. ಹತ್ತು ವರ್ಷ ಇಡಬಹುದು. 375 ಎನ್ನುವುದಕ್ಕೆ ಐದು ವರ್ಷ. ತಾಮ್ರದ ಬದಲು ಹಾರ್ಮೋನು ಬಿಡುವ ಇನ್ನೊಂದು ಬಗೆಯೂ ಇದೆ, ಬೆಲೆ ಹೆಚ್ಚು. ಮುಟ್ಟಿನ ಸ್ರಾವ ವಿಪರೀತ ಇರುವವರಿಗೆ ಅದೇ ಒಳ್ಳೆಯದು, ಏಕೆಂದರೆ ತಾಮ್ರ ಸ್ರಾವವನ್ನು ಹೆಚ್ಚಿಸುತ್ತದೆ, ಅದು ತಗ್ಗಿಸುತ್ತದೆ.

ಅವರು ಕೇಳಿದ ಪ್ರಶ್ನೆಗಳನ್ನು ಹೇಳಬೇಕು, ಏಕೆಂದರೆ ಈ ಪ್ರಶ್ನೆಗಳನ್ನು ಕೇಳದೆ ಹಾಕಲು ಹೊರಡುವವರಿದ್ದರೆ ಎದ್ದು ಬರುವುದು ವಾಸಿ. ಮುಟ್ಟು ಮತ್ತೆ ಶುರುವಾಗಿದೆಯೇ? ಬಸಿರಿಲ್ಲ ಎಂಬುದು ಖಾತ್ರಿಯೇ? ದುರ್ವಾಸನೆಯ ಬಿಳಿಸೆರಗು, ಕೆಳಹೊಟ್ಟೆಯ ನೋವು, ಜ್ವರ ಇವೆಯೇ? ಕಾರಣ ಗೊತ್ತಿಲ್ಲದ ರಕ್ತಸ್ರಾವ? ಹಿಮೋಗ್ಲೋಬಿನ್ ಎಷ್ಟು? ಸೋಂಕಿದ್ದರೆ ಮೊದಲು ಅದನ್ನು ಗುಣಪಡಿಸಬೇಕು. ಇದು ಬಸಿರನ್ನು ತಡೆಯುತ್ತದೆ, ರೋಗವನ್ನು ತಡೆಯುವುದಿಲ್ಲ ಎಂದೂ ಸ್ಪಷ್ಟವಾಗಿ ಹೇಳಿದರು. ಬಸಿರನ್ನಾದರೂ ನೂರಕ್ಕೆ ನೂರು ಅಲ್ಲ. ನೂರು ಜನ ಒಂದು ವರ್ಷ ಇಟ್ಟುಕೊಂಡರೆ ಒಬ್ಬರಿಗಿಂತ ಕಡಿಮೆ ಜನಕ್ಕೆ ತಪ್ಪುತ್ತದೆ. ನಾನು ಕನ್ನಡದಲ್ಲಿ ಬರೆದುಕೊಂಡು ಹೋಗಿದ್ದ ಚೀಟಿ ಬಿಚ್ಚಿ ಒಂದೊಂದನ್ನೇ ಮರಾಠಿಗೆ ತಿರುಗಿಸುತ್ತ ಕೇಳಿದೆ. ಇದು ಒಳಗೆ ಮಗುವನ್ನು ಕೊಲ್ಲುತ್ತದೆಯೇ ಎಂಬುದು ನನ್ನ ಮೂರನೆಯ ಪ್ರಶ್ನೆ, ಅತ್ತೆಯವರದೂ ಅದೇ ಸಂದೇಹ. ಇಲ್ಲ ಎಂದರು. ತಾಮ್ರದ ಕಣಗಳು ಗಂಡಿನ ವೀರ್ಯಾಣುವಿನ ಓಟವನ್ನೇ ಕೆಡಿಸುತ್ತವೆ. ಅದು ಅಂಡವನ್ನು ಮುಟ್ಟುವುದೇ ಇಲ್ಲ. ಎದೆಹಾಲಿಗೂ ಏನೂ ಆಗುವುದಿಲ್ಲ.

ಈಗ ಆ ಗೆಳತಿ ಕೇಳಿದ ಭಾಗ. ಹೋಗುವ ಮುಂಚೆ ಏನಾದರೂ ತಿಂದಿರಬೇಕು, ಖಾಲಿ ಹೊಟ್ಟೆ ಬೇಡ. ಮೂತ್ರಕ್ಕೆ ಹೋಗಿ ಬಂದಿರಬೇಕು. ಮೇಜಿನ ಮೇಲೆ ಅಂಗಾತ ಮಲಗಿ ಮೊಣಕಾಲು ಮಡಚಿ ಅಗಲಿಸಬೇಕು. ನಾಚಿಕೆಯ ಭಾಗ ಇಲ್ಲಿಗೇ ಮುಗಿಯಿತು, ಮುಂದಿನದೆಲ್ಲ ಕೆಲಸ. ಮೊದಲು ಕೈಗವಸು ತೊಟ್ಟ ಬೆರಳುಗಳನ್ನು ಒಳಗಿಟ್ಟು, ಇನ್ನೊಂದು ಕೈಯಿಂದ ಹೊಟ್ಟೆ ಒತ್ತಿ, ಗರ್ಭಕೋಶ ಯಾವ ಕಡೆ ಬಾಗಿದೆ ಎಂದು ನೋಡುತ್ತಾರೆ. ಹಾಲೂಡಿಸುತ್ತಿರುವಾಗ ಅದರ ಗೋಡೆ ಮೆತ್ತಗಿರುತ್ತದೆ, ಚುಚ್ಚುವ ಅಪಾಯ ತುಸು ಹೆಚ್ಚು, ಅದಕ್ಕೇ ನಿಧಾನ ಎಂದರು. ಚುಚ್ಚಿ ತೂತಾಗುವುದು ಸಾವಿರಕ್ಕೊಂದು ಎನ್ನುವಷ್ಟು ಅಪರೂಪ. ಆಮೇಲೆ ಸ್ಟೀಲಿನ, ಬಾತುಕೋಳಿಯ ಕೊಕ್ಕಿನಂಥ ಸ್ಪೆಕ್ಯುಲಮ್. ಅದು ನೋಯುವುದಿಲ್ಲ, ತಣ್ಣಗಿರುತ್ತದೆ, ಒತ್ತುತ್ತದೆ. ಗರ್ಭಕೋಶದ ಬಾಯನ್ನು ಅಯೋಡಿನ್ನಿನಿಂದ ಒರೆಸುತ್ತಾರೆ. ಬಳಿಕ ಒಂದು ಉದ್ದ ಚಿಮುಟದಿಂದ ಆ ಬಾಯಿಯ ಅಂಚನ್ನು ಹಿಡಿಯುತ್ತಾರೆ. ಇಲ್ಲಿ ಮೊದಲ ನೋವು, ಚಿವುಟಿದಂತೆ.

ಎರಡನೆಯದು ಅಳತೆಯ ಕಡ್ಡಿ ಒಳಹೋದಾಗ. ಗರ್ಭಕೋಶದ ಆಳ ಎಷ್ಟು ಸೆಂಟಿಮೀಟರು ಎಂದು ನೋಡುವ ಸಲಾಕೆ ಅದು. ಕಡ್ಡಿ ತಲೆ ಮುಟ್ಟಿದಾಗ ನಾಭಿಯ ಕೆಳಗೆಲ್ಲ ಹಿಂಡಿತು, ಮುಟ್ಟಿನ ಮೊದಲ ದಿನದ ನೋವನ್ನೆಲ್ಲ ಹತ್ತು ಸೆಕೆಂಡಿಗೆ ತುಂಬಿಕೊಟ್ಟ ಹಾಗೆ. ಡಾಕ್ಟರು ನರ್ಸಿಗೆ ಅಳತೆ ಕೂಗಿ ಹೇಳಿದರು: “ಸಾಡೇಸಾತ್.” ಏಳೂವರೆ. ಅಷ್ಟು ನೋವಿನಲ್ಲೂ ನನ್ನ ತಲೆಗೆ ಹೊಳೆದದ್ದು ಶನಿಯ ಸಾಡೇಸಾತಿ. ಇದು ಎಷ್ಟು ವರ್ಷದ್ದಪ್ಪಾ ಎಂದು ನಗು ಬಂತು. ನಗಬೇಡಿ, ಅಲುಗಾಡುತ್ತದೆ ಎಂದರು. ಮೂರನೆಯದು ತಾಂಬಿ. ತೆಳ್ಳನೆಯ ಕೊಳವೆಯೊಳಗೆ ಕೈ ಮಡಚಿಕೊಂಡು ಹೋಗುತ್ತದೆ. ಸರಿಯಾದ ಆಳ ಮುಟ್ಟಿದ ಮೇಲೆ ಕೊಳವೆಯನ್ನು ಹಿಂದಕ್ಕೆ ಎಳೆದರೆ ಒಳಗೆ ಎರಡು ಕೈಗಳು ಬಿಚ್ಚಿಕೊಳ್ಳುತ್ತವೆ. ಮತ್ತೊಂದು ಹಿಂಡು. ಕೊನೆಗೆ ಕತ್ತರಿಯ ಸದ್ದು: ದಾರವನ್ನು ಮೂರು ಸೆಂಟಿಮೀಟರಿನಷ್ಟು ಬಿಟ್ಟು ಕತ್ತರಿಸಿದರು. ಮೊದಲಿಂದ ಕೊನೆಯವರೆಗೆ ಹತ್ತು ನಿಮಿಷ ಹಿಡಿಯಲಿಲ್ಲ.

“ಸ್ವಲ್ಪ ನೋಯುತ್ತದೆ ಅಷ್ಟೆ” ಎನ್ನುವ ಮಾತಿನ ಬಗ್ಗೆ ನನಗೆ ತಕರಾರಿದೆ. ಕೆಲವರಿಗೆ ನಿಜವಾಗಿಯೂ ಸ್ವಲ್ಪ. ಕೆಲವರಿಗೆ, ಅದರಲ್ಲೂ ಹೆರದವರಿಗೆ, ಕಣ್ಣು ಕತ್ತಲೆ ಕಟ್ಟುವಷ್ಟು. ನನಗೆ ಎದ್ದು ಕೂತೊಡನೆ ಬೆವರೊಡೆದು ಕಿವಿ ಗುಂಯ್‌ಗುಟ್ಟಿತು. ಗರ್ಭಕೋಶದ ಬಾಯನ್ನು ಕೆಣಕಿದಾಗ ನಾಡಿ ನಿಧಾನವಾಗಿ ಹೀಗಾಗುವುದುಂಟು, ಮಲಗಿದರೆ ಹೋಗುತ್ತದೆ ಎಂದು ಅವರು ಮೊದಲೇ ಹೇಳಿದ್ದರಿಂದ ನಾನು ಗಾಬರಿಯಾಗಲಿಲ್ಲ. ಆದ್ದರಿಂದ ಬಾಯಿ ಬಿಟ್ಟು ಕೇಳಿ. ಮೊದಲೇ ನೋವಿನ ಗುಳಿಗೆ ಕೊಡುತ್ತೀರಾ, ಗರ್ಭಕೋಶದ ಬಾಯಿಗೆ ಮರಗಟ್ಟಿಸುವ ಔಷಧ ಹಾಕಲು ಬರುತ್ತದೆಯೇ, ನಿಲ್ಲಿಸಿ ಎಂದರೆ ನಿಲ್ಲಿಸುತ್ತೀರಾ ಎಂದು. ಹೆತ್ತವಳಿಗೆ ಇದೇನು ನೋವು ಎಂಬ ಉತ್ತರ ಬಂದರೆ, ಬೇರೆ ಡಾಕ್ಟರರನ್ನು ಹುಡುಕಿ.

ಮನೆಗೆ ಬಂದ ಮೇಲೆ ಎರಡು ದಿನ ಕೆಳಹೊಟ್ಟೆ ಹಿಡಿದಿತ್ತು, ಬಿಸಿನೀರಿನ ಚೀಲಕ್ಕೆ ಇಳಿಯಿತು. ಆಗೊಂದು ಈಗೊಂದು ರಕ್ತದ ಕಲೆ. ನಿಜವಾದ ಸತ್ತ್ವಪರೀಕ್ಷೆ ಮುಟ್ಟು ಮರಳಿ ಬಂದ ಮೇಲೆ. ಮೊದಲಿನ ನಾಲ್ಕು ದಿನ ಏಳಾಯಿತು, ಸ್ರಾವವೂ ಹೆಚ್ಚಿತು. ಮೂರು ತಿಂಗಳಿಂದ ಆರು ತಿಂಗಳಲ್ಲಿ ಒಂದು ಹದಕ್ಕೆ ಬರುತ್ತದೆ ಎಂದಿದ್ದರು, ನನಗೆ ಐದು ಹಿಡಿಯಿತು. ಕಬ್ಬಿಣದ ಗುಳಿಗೆ ನುಂಗಿದೆ. ವೈದ್ಯರ ಪುಸ್ತಕಗಳಲ್ಲಿ ಇದನ್ನು ಅಡ್ಡಪರಿಣಾಮ ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನಮ್ಮ ಮನೆಗಳಲ್ಲಿ ಆ ಮೂರು ಹೆಚ್ಚಿನ ದಿನಗಳಿಗೆ ಬೇರೆಯೇ ಬೆಲೆ ಇದೆ. ದೇವರ ಕೋಣೆಗೆ ಹೋಗಬಹುದೇ? ನಡುವೆ ಕಂಡ ಒಂದು ಕಲೆ ‘ಹೊರಗೆ’ಯ ಲೆಕ್ಕವೇ, ಅಲ್ಲವೇ? ಶ್ರಾವಣದಲ್ಲಿ ಅತ್ತೆಯವರು ಪಂಚಾಂಗ, ನನ್ನ ಮುಖ ಎರಡನ್ನೂ ನೋಡಿ ನೋಡಿ ಸೋತು, ಒಂದು ಶುಕ್ರವಾರ, “ಅದು ತಾಮ್ರದ್ದು ಅಂದಿ ಹೌದಿಲ್ಲೋ? ತಾಮ್ರಕ್ಕ ಮೈಲಿಗಿ ಇಲ್ಲ, ಆರತಿ ಹಿಡಿ ನಡಿ” ಎಂದು ತೀರ್ಪು ಕೊಟ್ಟರು. ಯಾವ ಶಾಸ್ತ್ರದಲ್ಲಿದೆಯೋ ತಿಳಿಯದು. ಅವ್ವನ ಎರಡು ತಿಂಗಳಿಗೆ ಇಂಥ ಒಬ್ಬ ಅತ್ತೆ ಇದ್ದಿದ್ದರೆ ಎಂದುಕೊಂಡೆ.

ಪ್ರತಿ ಮುಟ್ಟು ಮುಗಿದ ಮೇಲೆ ಬೆರಳಿನಿಂದ ದಾರ ಇದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಮೊದಲ ವರ್ಷ, ಅದರಲ್ಲೂ ಮೊದಲ ತಿಂಗಳುಗಳಲ್ಲಿ, ತಾನಾಗಿ ಜಾರಿ ಹೊರಬೀಳುವ ಸಂಭವವಿದೆ. ದಾರ ಸಿಗದಿದ್ದರೆ, ಉದ್ದವಾದಂತೆ ಕಂಡರೆ, ಪ್ಲಾಸ್ಟಿಕ್ಕಿನ ಗಟ್ಟಿ ತುದಿಯೇ ಬೆರಳಿಗೆ ತಾಗಿದರೆ, ಜ್ವರ ಬಂದರೆ, ಮುಟ್ಟು ತಪ್ಪಿದರೆ, ತಡಮಾಡಬಾರದು. ಗಂಡನಿಗೆ ದಾರ ಚುಚ್ಚುತ್ತದೆಯೇ ಎಂಬ ಪ್ರಶ್ನೆಯನ್ನು ಆ ಗೆಳತಿಯೂ ಕೇಳಿದಳು. ಚುಚ್ಚಿದರೆ ಚಿಕ್ಕದು ಮಾಡಿಕೊಡುತ್ತಾರೆ.

ಇಂಥದ್ದನ್ನು ಸಾಹಿತ್ಯದ ಪುಟದಲ್ಲಿ ಬರೆಯಬಹುದೇ ಎಂದು ಹುಬ್ಬೇರಿಸುವವರಿಗೆ ಈ ಊರಿನದೇ ಒಂದು ನೆನಪು. 1921ರಲ್ಲಿ ಮುಂಬಯಿಯ ಗಿರಗಾಂವದಲ್ಲಿ ರಘುನಾಥ ಧೋಂಡೋ ಕರ್ವೆ ಸಂತತಿ ನಿಯಂತ್ರಣದ ಸಲಹಾ ಕೇಂದ್ರ ತೆರೆದರು. ಗಣಿತದ ಅಧ್ಯಾಪಕರಾಗಿದ್ದವರು ಈ ಕೆಲಸಕ್ಕಾಗಿ ವಿಲ್ಸನ್ ಕಾಲೇಜಿನ ನೌಕರಿ ಬಿಡಬೇಕಾಯಿತು. 1927ರಿಂದ ‘ಸಮಾಜಸ್ವಾಸ್ಥ್ಯ’ ಎಂಬ ಮಾಸಿಕ ನಡೆಸಿ, ಅಶ್ಲೀಲತೆಯ ಆರೋಪದ ಮೇಲೆ ಕೋರ್ಟು ಹತ್ತಿದರು. 1934ರ ಮೊಕದ್ದಮೆಯಲ್ಲಿ ಅವರ ಪರವಾಗಿ ವಾದಿಸಿದವರು ಡಾ. ಅಂಬೇಡ್ಕರ್. ಇತ್ತ ನಮ್ಮ ಮೈಸೂರು ಸಂಸ್ಥಾನ 1930ರಲ್ಲೇ ಸರಕಾರದ ವತಿಯಿಂದ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆದಿತ್ತು. ಅಂಥ ಎರಡು ನಾಡುಗಳ ನಡುವೆ ಓಡಾಡುವ ನಮಗೆ ಇನ್ನೂ ‘ಅದು’ ಎನ್ನುವ ಸಂಕೋಚ.

ತಾಂಬಿ ಕೂರಿಸಿಕೊಂಡ ವಾರದಲ್ಲಿ ಅವ್ವ ಇಲ್ಲಿಯೇ ಇದ್ದಳು. ರಾತ್ರಿ ಮಗುವನ್ನು ತಟ್ಟುತ್ತ, “ಹೆಂಗ ಇರ್ತದವಾ ಅದು, ನೀ ನೋಡಿದೇನು?” ಎಂದಳು. ಕ್ಯಾಲೆಂಡರಿನ ಹಾಳೆಯ ಹಿಂದೆ ನನ್ನದನ್ನು ಬರೆದು ತೋರಿಸಿದೆ. ನೋಡಿದಳು. “ನಂದು?” ಎಂದಳು. ಅದರ ಪಕ್ಕದಲ್ಲಿ ಲಿಪ್ಪೆಸ್ ಲೂಪಿನ ಸುರುಳಿಯನ್ನು ಬರೆದೆ. ನಲವತ್ತು ವರ್ಷಗಳ ಹಿಂದೆ ತನ್ನ ಒಳಗಿದ್ದುದನ್ನು ಅವ್ವ ಅವತ್ತು ಮೊದಲ ಬಾರಿಗೆ ಕಂಡಳು. ಬೆರಳಿನಿಂದ ಅದರ ಬಾಗುಗಳನ್ನು ಮೇಲಿಂದ ಕೆಳಗಿನವರೆಗೆ ತಿದ್ದಿದಳು. “ಇಷ್ಟ ಇದ್ದಿದ್ದಕ್ಕ ಅಷ್ಟ ಅಂಜಿದ್ವಿ” ಎಂದವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಬಾಯಿ ಒಂದ ಸಲಾ ತೋರ್ಸಿದ್ರ ಏನಾಗ್ತಿತ್ತು” ಎಂದಳು.

2024ರಲ್ಲಿ ನನ್ನ ಹತ್ತು ವರ್ಷ ತುಂಬಿತು. ಮಗಳು ಈಗ ನಾಲ್ಕನೆಯ ಇಯತ್ತೆ ಮುಗಿಸಿದ್ದಾಳೆ, ಓಟದಲ್ಲಿ ಅಣ್ಣನನ್ನು ಸೋಲಿಸುತ್ತಾಳೆ. ತೆಗೆಯುವುದು ಹಾಕಿದಷ್ಟು ದೊಡ್ಡ ಕೆಲಸವಲ್ಲ: ಕೆಮ್ಮಿ ಎಂದರು, ಕೆಮ್ಮಿದೆ, ದಾರ ಎಳೆದರು, ಕೈ ಮೇಲೆ ಮಾಡಿಕೊಂಡು ಬಂದುಬಿಟ್ಟಿತು. ತಟ್ಟೆಯಲ್ಲಿಟ್ಟು ತೋರಿಸಿದರು, ಹೊಳೆಯುತ್ತಿದ್ದ ತಂತಿ ಕಪ್ಪಾಗಿತ್ತು. ಬೇಕೆನ್ನುವವರು ತೆಗೆಸಿದ ಕೂಡಲೇ ಬಸಿರಾಗಬಹುದು. ಬೇಡವೆನ್ನುವವರಿಗೆ ಅದೇ ಹೊತ್ತಿನಲ್ಲಿ ಹೊಸದನ್ನು ಕೂರಿಸಬಹುದು. ನಲವತ್ತು ದಾಟಿದ ಮೇಲೆ ಹಾಕಿದ ತಾಂಬಿಯನ್ನು ಸಾಮಾನ್ಯವಾಗಿ ಮುಟ್ಟು ನಿಲ್ಲುವವರೆಗೂ ಬಿಡುತ್ತಾರೆ. ಆಪರೇಷನ್ ಮಾಡಿಸಿಕೊಳ್ಳುತ್ತೀಯಾ ಎಂದು ಡಾಕ್ಟರು ಮತ್ತೊಮ್ಮೆ ಕೇಳಿದರು. ಈಗ ಬೀಗ ಹಾಕಲು ನನಗೆ ಯಾವ ಅಂಜಿಕೆಯೂ ಉಳಿದಿಲ್ಲ; ಆದರೂ ಚಿಲಕವೇ ಸಾಕು ಎನ್ನಿಸಿತು, ಇನ್ನೊಂದು ತಾಂಬಿಯನ್ನೇ ಕೇಳಿದೆ. ಈ ಸಲ ಮೊದಲೇ ಗುಳಿಗೆ ನುಂಗಿದ್ದೆ. ನೋವು ಇತ್ತು. ಅಳತೆ ಈ ಸಲ ಎಂಟು.

ಹೊಸ ಕಾರ್ಡು ಕಪಾಟಿನಲ್ಲಿ, ಮಕ್ಕಳ ಲಸಿಕೆಯ ಪುಸ್ತಕಗಳ ಜೊತೆಗಿದೆ.